ಮೂಳೆ ಮತ್ತು ಇಂಪ್ಲಾಂಟ್‌ಗಳ ಸ್ಟ್ರೇನ್ ಅಳೆಯಲು ಬ್ಯಾಟರಿ ಬೇಡದ ಸೆನ್ಸರ್‌ಗಳು: ಯಾವ ಕೆಲಸಕ್ಕೆ ಯಾವುದು?

ಕಾಲಿನ ಮೂಳೆ ಮುರಿದು ಪ್ಲೇಟ್ ಹಾಕಿಸಿಕೊಂಡವರೆಲ್ಲ ಡಾಕ್ಟರನ್ನು ಕೇಳುವ ಪ್ರಶ್ನೆ ಒಂದೇ. ಕಾಲು ಊರಬಹುದಾ? ಡಾಕ್ಟರ್ ಎಕ್ಸ್-ರೇ ನೋಡುತ್ತಾರೆ, ಮುರಿದ ಜಾಗವನ್ನು ಒತ್ತಿ ನೋಡುತ್ತಾರೆ, ನೋವಿದೆಯಾ ಎಂದು ಕೇಳುತ್ತಾರೆ, ಆಮೇಲೆ ತಮ್ಮ ಅನುಭವದ ಮೇಲೆ ಹೂಂ ಅಥವಾ ಊಹೂಂ ಅನ್ನುತ್ತಾರೆ. ಕೂಡಿಕೊಳ್ಳುತ್ತಿರುವ ಮೂಳೆ ಈಗ ಎಷ್ಟು ಗಟ್ಟಿಯಾಗಿದೆ ಎಂದು ಅಂಕಿಯಲ್ಲಿ ಹೇಳುವ ಸಾಧನ ಅವರ ಕೈಯಲ್ಲಿ ಇರುವುದಿಲ್ಲ. ಎಕ್ಸ್-ರೇಯಲ್ಲಿ ಬೆಳ್ಳಗೆ ಕಂಡಿದ್ದೆಲ್ಲ ಭಾರ ಹೊರುತ್ತದೆ ಅಂತೇನೂ ಇಲ್ಲ, ಅಲ್ವಾ? ಮೂಳೆಯ ಮೇಲೆ ಅಥವಾ ಪ್ಲೇಟ್ ಮೇಲೆ ಕೂತು ಸ್ಟ್ರೇನ್, ಅಂದರೆ ಭಾರ ಬಿದ್ದಾಗ ಅದು ತನ್ನ ಉದ್ದದ ಎಷ್ಟು ಪಾಲು ಹಿಗ್ಗಿತು ಅಥವಾ ಕುಗ್ಗಿತು ಎಂಬುದನ್ನು ಅಳೆಯುವ ಸೆನ್ಸರ್‌ಗಳು ಬೇಕಾಗಿರುವುದು ಇದಕ್ಕೇ.

ಇದು ಬಯೋಮೆಡಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದುತ್ತಾ ಈ ವಿಷಯದಲ್ಲಿ ಪ್ರಾಜೆಕ್ಟ್ ಕೈಗೆತ್ತಿಕೊಂಡವರಿಗೆ, ಅವರ ಜೊತೆ ಕೂರುವ ಮೂಳೆ ಡಾಕ್ಟರುಗಳಿಗೆ ಬರೆದದ್ದು. ರೋಗಿಗಳು ಓದುತ್ತಿದ್ದರೆ ಒಂದು ಮಾತು: ಇಲ್ಲಿ ಬರುವ ಬಹುಪಾಲು ಸೆನ್ಸರ್‌ಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ, ಆಸ್ಪತ್ರೆಗೆ ಹೋಗಿ ಕೇಳಿದರೆ ಸಿಗುವಂಥವಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸೆನ್ಸರ್ ಆರಿಸುವ ಮೊದಲು ಅದನ್ನು ಓದುವ ಯಂತ್ರವನ್ನು ಆರಿಸಿ. ಯಾರು ಓದುತ್ತಾರೆ, ಯಾವುದರಿಂದ ಓದುತ್ತಾರೆ, ತಿಂಗಳಿಗೊಮ್ಮೆಯಾ ಅಥವಾ ನಡೆಯುವಾಗಲೇ ಪ್ರತಿ ಹೆಜ್ಜೆಗಾ, ಚರ್ಮದಿಂದ ಎಷ್ಟು ಆಳದಲ್ಲಿದೆ, ಪಕ್ಕದಲ್ಲಿ ಎಷ್ಟು ಲೋಹವಿದೆ. ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡರೆ ಅರ್ಧಕ್ಕಿಂತ ಜಾಸ್ತಿ ಆಯ್ಕೆಗಳು ತಾವಾಗಿಯೇ ಹೊರಗೆ ಹೋಗುತ್ತವೆ. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಚೆಂದದ ಸೆನ್ಸರ್ ಒಂದನ್ನು ಮಾಡಿ, ಆಮೇಲೆ ಅದನ್ನು ದೇಹದೊಳಗಿಂದ ಹೇಗೆ ಓದುವುದು ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಅಳೆಯುವುದು ಎಷ್ಟು ಸಣ್ಣದು

ಒಂದು ಮೀಟರ್ ಉದ್ದದ ವಸ್ತು ಒಂದು ಮೈಕ್ರಾನ್ ಹಿಗ್ಗಿದರೆ ಅದು ಒಂದು ಮೈಕ್ರೋಸ್ಟ್ರೇನ್. 1975ರಲ್ಲಿ ಲ್ಯಾನ್ಯನ್ ಮತ್ತು ಜೊತೆಗಾರರು ಬದುಕಿರುವ ಮನುಷ್ಯನ ಮೊಣಕಾಲ ಕೆಳಗಿನ ಟಿಬಿಯಾ ಮೂಳೆಗೇ ಸ್ಟ್ರೇನ್ ಗೇಜ್ (ಹಿಗ್ಗಿದಾಗ ವಿದ್ಯುತ್ ರೋಧ ಬದಲಾಗುವ ತೆಳು ಪಟ್ಟಿ) ಅಂಟಿಸಿ ಅಳೆದರು. ನಡೆಯುವಾಗ 400 ಮೈಕ್ರೋಸ್ಟ್ರೇನ್ ಆಸುಪಾಸು, ಓಡುವಾಗ 850ರ ಆಸುಪಾಸು ಬಂತು. 1996ರಲ್ಲಿ ಬರ್ ಮತ್ತು ತಂಡ ಇದೇ ಮೂಳೆಯ ಮೇಲೆ ಇನ್ನೂ ಜೋರಾದ ಓಟ, ಏರು ಹತ್ತುವುದು ಎಲ್ಲವನ್ನೂ ಅಳೆದಾಗಲೂ 2000 ದಾಟಲಿಲ್ಲ. ಗಟ್ಟಿ ಮೂಳೆ ಮತ್ತೆ ಮೊದಲಿನ ಆಕಾರಕ್ಕೆ ಬಾರದಂತೆ ಬಾಗಲು 7000 ಹತ್ತಿರ ಬೇಕು. ಹಾಗಾಗಿ ನಿಮ್ಮ ಸೆನ್ಸರ್ 0ಯಿಂದ 3000ದವರೆಗೆ ನಿಖರವಾಗಿ ಹೇಳಿದರೆ ಸಾಕು. ಆದರೆ ಆ ವ್ಯಾಪ್ತಿಯಲ್ಲಿ 50 ಮೈಕ್ರೋಸ್ಟ್ರೇನ್ ವ್ಯತ್ಯಾಸವನ್ನಾದರೂ ಅದು ಗುರುತಿಸಬೇಕು.

ಮುರಿದ ಜಾಗದ ಲೆಕ್ಕವೇ ಬೇರೆ. ಎರಡು ತುಂಡುಗಳ ನಡುವಿನ ಸಂದಿಯಲ್ಲಿ ಸ್ಟ್ರೇನ್ ಶೇಕಡಾದಲ್ಲಿ ಇರುತ್ತದೆ. ಮೂಳೆ ಮುರಿತದ ಸಂಶೋಧಕ ಸ್ಟೀಫನ್ ಪೆರೆನ್ ಹೇಳಿದ ಪ್ರಕಾರ ಸುಮಾರು 2 ಶೇಕಡಾ ಒಳಗಿದ್ದರೆ ಅಲ್ಲಿ ಮೂಳೆ ಬೆಳೆಯಬಲ್ಲದು, 10 ಶೇಕಡಾವರೆಗೆ ಮೃದ್ವಸ್ಥಿ ತಾಳಿಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿ ಅಲುಗಾಡಿದರೆ ಎಳೆಯ ಮೆದು ಅಂಗಾಂಶವಷ್ಟೇ ಉಳಿಯುತ್ತದೆ. ಪ್ಲೇಟಿನ ಮೇಲಿನ 500 ಮೈಕ್ರೋಸ್ಟ್ರೇನ್ ಮತ್ತು ಸಂದಿಯ 5 ಶೇಕಡಾ ಎರಡೂ ಒಂದೇ ಘಟನೆಯ ಎರಡು ಅಳತೆಗಳು. ಯಾವುದನ್ನು ಅಳೆಯುತ್ತೀರಿ ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಪ್ಲೇಟ್ ಮತ್ತು ಮೂಳೆ ಒಂದು ಮೂಟೆಯನ್ನು ಇಬ್ಬರು ಹೊತ್ತ ಹಾಗೆ ಭಾರ ಹಂಚಿಕೊಳ್ಳುತ್ತವೆ. ಆಪರೇಷನ್ ಆದ ಹೊಸತರಲ್ಲಿ ಹೆಚ್ಚುಕಮ್ಮಿ ಪೂರ್ತಿ ಭಾರ ಪ್ಲೇಟಿನದು. ಮುರಿದ ಜಾಗದ ಸುತ್ತ ಹೊಸ ಮೂಳೆಯ ಗಂಟು ಕಟ್ಟಿ ಗಟ್ಟಿಯಾಗುತ್ತಾ ಹೋದಂತೆ ಮೂಳೆ ತನ್ನ ಪಾಲು ತೆಗೆದುಕೊಳ್ಳುತ್ತದೆ, ಪ್ಲೇಟಿನ ಸ್ಟ್ರೇನ್ ಇಳಿಯುತ್ತದೆ. ಡಾಕ್ಟರಿಗೆ ಬೇಕಿರುವುದು ಈ ಇಳಿತ. ಅದೇ ಭಾರಕ್ಕೆ, ಎರಡನೇ ವಾರದಲ್ಲಿ ಬಂದದ್ದರ ಎಷ್ಟು ಪಾಲು ಹತ್ತನೇ ವಾರದಲ್ಲಿ ಬರುತ್ತಿದೆ? ಈ ಅನುಪಾತ ಸಿಕ್ಕರೆ ಸ್ಟ್ರೇನ್‌ನ ಪಕ್ಕಾ ಬೆಲೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಇಳಿಯದೆ ಹಾಗೇ ನಿಂತರೆ ಮೂಳೆ ಕೂಡುತ್ತಿಲ್ಲ ಎಂದರ್ಥ. ಆಗ ಪ್ಲೇಟ್ ದಣಿದು ಮುರಿಯುವ ಮೊದಲೇ ಏನಾದರೂ ಮಾಡಬಹುದು.

ಬ್ಯಾಟರಿ ಬೇಡ ಎನ್ನುವುದು ಯಾಕೆ

ಬ್ಯಾಟರಿ ಇರುವವು ಈಗಾಗಲೇ ಇವೆ, ಚೆನ್ನಾಗಿಯೂ ಇವೆ. ಸ್ವಿಟ್ಜರ್ಲೆಂಡಿನ ದಾವೋಸ್‌ನ ಎಒ ಸಂಶೋಧನಾ ಸಂಸ್ಥೆಯವರು ಮಾಡಿದ ಫ್ರಾಕ್ಚರ್ ಮಾನಿಟರ್ ಪ್ಲೇಟಿಗೆ ಜೋಡಿಸುವ ಪೆಟ್ಟಿಗೆ. ಬ್ಲೂಟೂತ್‌ನಲ್ಲಿ ಮಾಹಿತಿ ಕಳಿಸುತ್ತದೆ, ಕುರಿಗಳಲ್ಲಿ ಪರೀಕ್ಷೆಯೂ ಆಗಿದೆ. 2021ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಪರ್ಸೋನಾ ಐಕ್ಯೂ ಮಂಡಿ ಇಂಪ್ಲಾಂಟ್‌ನಲ್ಲೂ ಬ್ಯಾಟರಿ ಇದೆ. ಅಂದಹಾಗೆ ಅದು ಸ್ಟ್ರೇನ್ ಅಳೆಯುವುದೇ ಇಲ್ಲ, ನಡಿಗೆಯ ಚಲನೆಯನ್ನು ಅಳೆಯುತ್ತದೆ. ಸ್ಮಾರ್ಟ್ ಇಂಪ್ಲಾಂಟ್ ಎಂದ ತಕ್ಷಣ ಎಲ್ಲವನ್ನೂ ಒಂದೇ ಎಂದುಕೊಳ್ಳಬೇಡಿ.

ಬ್ಯಾಟರಿ ಇದ್ದರೆ ರೋಗಿ ಮನೆಯಲ್ಲಿ ಓಡಾಡುವಾಗಲೂ ದಾಖಲೆಯಾಗುತ್ತದೆ. ಅದು ದೊಡ್ಡ ಲಾಭ. ಆದರೆ ಜಾಗ ಬೇಕು, ಗಾಳಿ-ನೀರು ಹೋಗದಂತೆ ಮುಚ್ಚಿದ ಲೋಹದ ಡಬ್ಬಿ ಬೇಕು, ಒಳಗಿನ ರಾಸಾಯನಿಕ ಸೋರಿದರೆ ಏನು ಗತಿ ಎಂಬ ಪ್ರಶ್ನೆಗೆ ಉತ್ತರ ಬೇಕು. ಟಿಬಿಯಾದ ಮುಂಭಾಗದಲ್ಲಿ ಚರ್ಮದ ಕೆಳಗೆ ಮಾಂಸವೇ ಇಲ್ಲ. ಅಲ್ಲಿ ನಾಲ್ಕೈದು ಮಿಲಿಮೀಟರ್ ಎತ್ತರ ಜಾಸ್ತಿಯಾದರೂ ಹೊಲಿಗೆ ಬಿಗಿಯುತ್ತದೆ, ಗಾಯ ಮಾಯುವುದು ಕಷ್ಟವಾಗುತ್ತದೆ. ಇಲಿಯ ತೊಡೆ ಮೂಳೆಯ ಮೇಲಂತೂ ಕೇಳುವುದೇ ಬೇಡ.

ಬ್ಯಾಟರಿ ಇಲ್ಲದವುಗಳಲ್ಲಿ ಪೂರ್ತಿ ಯಾಂತ್ರಿಕವಾದವು ಇವೆ, ಚಿಪ್ ಇಲ್ಲದೆ ಬರೀ ಕಾಯಿಲ್-ಕೆಪಾಸಿಟರ್‌ನಿಂದ ಆದವು ಇವೆ, ಚಿಪ್ ಇದ್ದು ಹೊರಗಿನಿಂದ ಶಕ್ತಿ ಪಡೆಯುವವು ಇವೆ. ಮೂರನ್ನೂ ಪ್ಯಾಸಿವ್ ಎಂದೇ ಕರೆಯುತ್ತಾರೆ. ಆರಿಸುವಾಗ ಬೇರೆಬೇರೆಯಾಗಿ ನೋಡಬೇಕು.

ಎಕ್ಸ್-ರೇಯಲ್ಲಿ ಓದುವ ಯಾಂತ್ರಿಕ ಸೂಚಿ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಸೌತ್ ಕ್ಯಾರೊಲೈನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಆಂಕರ್ ಮತ್ತು ತಂಡ ಮಾಡಿದ್ದು, 2017ರಲ್ಲಿ ಪ್ರಕಟವಾಯಿತು. ಪ್ಲೇಟಿಗೆ ಒಂದು ಉದ್ದನೆಯ ಕಡ್ಡಿಯನ್ನು ಒಂದು ತುದಿಯಲ್ಲಿ ಮಾತ್ರ ಬಿಗಿದಿರುತ್ತಾರೆ, ಇನ್ನೊಂದು ತುದಿ ಒಂದು ಸಣ್ಣ ಅಳತೆಪಟ್ಟಿಯ ಮುಂದೆ ಸ್ವತಂತ್ರವಾಗಿ ನಿಂತಿರುತ್ತದೆ. ಪ್ಲೇಟ್ ಬಾಗಿದಾಗ ಕಡ್ಡಿಯ ತುದಿ ಪಟ್ಟಿಯ ಮೇಲೆ ಸರಿಯುತ್ತದೆ. ಕಡ್ಡಿ ಉದ್ದವಾಗಿರುವುದರಿಂದ ಸಣ್ಣ ಬಾಗು ದೊಡ್ಡ ಸರಿತವಾಗಿ ಕಾಣುತ್ತದೆ. ಎರಡೂ ಎಕ್ಸ್-ರೇಯಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಅಷ್ಟೇ, ಬೇರೇನೂ ಇಲ್ಲ.

ಫಲಿತಾಂಶ ನೋಡಿ. ದಾನ ಮಾಡಿದ ಶವದ ಟಿಬಿಯಾದಲ್ಲಿ, ಚೂರುಚೂರಾದ ಮುರಿತಕ್ಕೆ ಪ್ಲೇಟ್ ಹಾಕಿ, ಕೇವಲ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ಭಾರ ಕೊಟ್ಟಾಗ ಕಡ್ಡಿಯ ತುದಿ 2.25 ಮಿಲಿಮೀಟರ್‌ಗಿಂತ ಜಾಸ್ತಿ ಸರಿಯಿತು. ಡಿಜಿಟಲ್ ಎಕ್ಸ್-ರೇಯ ಒಂದು ಪಿಕ್ಸೆಲ್ ಸುಮಾರು 0.15 ಮಿಲಿಮೀಟರ್ ಎಂದಿಟ್ಟುಕೊಂಡರೆ ಹದಿನೈದು ಪಿಕ್ಸೆಲ್ ಆಯಿತು. ಕಣ್ಣಿಗೇ ಕಾಣುವಷ್ಟು. ಗಂಟು ಗಟ್ಟಿಯಾದಂತೆ ಈ ಸರಿತ ಕಡಿಮೆಯಾಗುತ್ತದೆ ಎಂದು ಕಂಪ್ಯೂಟರ್ ಲೆಕ್ಕದಲ್ಲೂ ತೋರಿಸಿದರು.

ಆಸ್ಪತ್ರೆಯಲ್ಲಿ ಇದನ್ನು ಬಳಸುವುದನ್ನು ಕಲ್ಪಿಸಿಕೊಳ್ಳಿ. ರೋಗಿ ಕಾಲನ್ನು ಸಡಿಲ ಬಿಟ್ಟು ಕೂತಾಗ ಒಂದು ಫಿಲ್ಮ್. ಆಮೇಲೆ ಅದೇ ಕಾಲನ್ನು ತೂಕದ ಯಂತ್ರದ ಮೇಲಿಟ್ಟು, ಮುಳ್ಳು 10 ಕಿಲೋ ತೋರಿಸುವಷ್ಟು ಮಾತ್ರ ಒತ್ತಿ ಹಿಡಿದಾಗ ಇನ್ನೊಂದು ಫಿಲ್ಮ್. ಎರಡರ ವ್ಯತ್ಯಾಸವನ್ನು ಪಟ್ಟಿಯ ಗೆರೆ ಎಣಿಸಿ ಬರೆದುಕೊಳ್ಳುವುದು. ಮುಂದಿನ ಸಲ ಬಂದಾಗ ಮತ್ತೆ ಅದೇ 10 ಕಿಲೋ. ಕೈಕಾಲಿನ ಒಂದು ಎಕ್ಸ್-ರೇಯ ವಿಕಿರಣ 0.001 ಮಿಲಿಸೀವರ್ಟ್ ಆಸುಪಾಸು, ಸುಮ್ನೆ ಭೂಮಿಯ ಮೇಲೆ ಬದುಕಿದ್ದಕ್ಕೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನಮಗೆ ಹೇಗೂ ಬರುತ್ತದೆ. ಒಂದು ಫಿಲ್ಮ್ ಜಾಸ್ತಿ ತೆಗೆದರೆ ದೊಡ್ಡ ವಿಷಯವೇನಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ಎಕ್ಸ್-ರೇ ಯಂತ್ರ ಇದೆ, ಅದನ್ನು ನಡೆಸುವ ಟೆಕ್ನಿಷಿಯನ್ ಇದ್ದಾರೆ. ಹೊಸ ರೀಡರ್ ಕೊಳ್ಳುವ, ಕಲಿಸುವ, ಕೆಟ್ಟಾಗ ರಿಪೇರಿ ಮಾಡಿಸುವ ಯಾವ ತಾಪತ್ರಯವೂ ಇಲ್ಲ.

ಮಿತಿಗಳೂ ಇವೆ. ನಿಂತ ಭಾರಕ್ಕೆ ಮಾತ್ರ ಅಳತೆ, ನಡೆಯುವಾಗಿನದು ಸಿಗುವುದಿಲ್ಲ. ಕಾಲು ಸ್ವಲ್ಪ ಓರೆಯಾದರೆ ಚಿತ್ರವೂ ಓರೆಯಾಗುತ್ತದೆ, ಪಟ್ಟಿ ಪಕ್ಕದಲ್ಲೇ ಇರುವುದು ಇದಕ್ಕೆ ಸ್ವಲ್ಪಮಟ್ಟಿಗೆ ಪರಿಹಾರ. ಕಡ್ಡಿ ಓಡಾಡುವ ಸಂದಿಗೆ ಅಂಗಾಂಶ ಬೆಳೆದು ತುಂಬಿದರೆ ಅದು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಮುಚ್ಚಿದ ಗೂಡೊಳಗೆ ಇಡಬೇಕು. ಇದೇ ತಂಡ ಎಕ್ಸ್-ರೇಯಲ್ಲಿ ಕಾಣುವ ದ್ರವ ತುಂಬಿದ ಸಣ್ಣ ಕೊಳವೆಯ ಸೆನ್ಸರನ್ನೂ ಮಾಡಿದೆ, ಬಾಗಿದಾಗ ದ್ರವದ ಮಟ್ಟ ಏರುತ್ತದೆ. ಬೆನ್ನುಮೂಳೆಗೆ ಮಾತ್ರ ಎಕ್ಸ್-ರೇ ದಾರಿ ಅಷ್ಟು ಸಲೀಸಲ್ಲ. ಅಲ್ಲಿ ವಿಕಿರಣವೂ ಜಾಸ್ತಿ, ಚಿತ್ರವೂ ಮಬ್ಬು.

ಕಾಯಿಲ್ ಮತ್ತು ಕೆಪಾಸಿಟರ್

ವಿದ್ಯಾರ್ಥಿಗಳು ಮೊದಲು ಕೈ ಹಾಕುವುದು ಇದಕ್ಕೇ, ಯಾಕೆಂದರೆ ಮಾಡುವುದು ಸುಲಭ. ಒಂದು ಸುರುಳಿ, ಒಂದು ಕೆಪಾಸಿಟರ್. ಎರಡೂ ಸೇರಿ ಒಂದು ಆವರ್ತನದಲ್ಲಿ ರೆಸೊನೆನ್ಸ್ ಆಗುತ್ತವೆ, ಅಂದರೆ ಆ ಒಂದು ಆವರ್ತನಕ್ಕೆ ಜೋರಾಗಿ ಮಿಡಿಯುತ್ತವೆ. ಸ್ಟ್ರೇನ್ ಬಂದಾಗ ಕೆಪಾಸಿಟರ್ ಬದಲಾಗಿ ಆವರ್ತನ ಸರಿಯುತ್ತದೆ. ಹೊರಗಿನ ಕಾಯಿಲ್ ಹತ್ತಿರ ಹಿಡಿದರೆ ಆ ಆವರ್ತನದಲ್ಲಿ ಒಂದು ತಗ್ಗು ಕಾಣುತ್ತದೆ. ತಗ್ಗು ಎಲ್ಲಿದೆ ಎಂದು ನೋಡಿದರಾಯಿತು. ಹಳೆಯ ವಿಚಾರ ಇದು. 1967ರಲ್ಲೇ ಕಾರ್ಟರ್ ಕಾಲಿನ್ಸ್ ಕಣ್ಣಿನೊಳಗಿನ ಒತ್ತಡ ಅಳೆಯಲು ಹೀಗೆ ಮಾಡಿದ್ದರು. 2014ರಲ್ಲಿ ಎಫ್‌ಡಿಎ ಒಪ್ಪಿದ ಕಾರ್ಡಿಯೊಮೆಮ್ಸ್, ಶ್ವಾಸಕೋಶದ ರಕ್ತನಾಳದಲ್ಲಿ ಕೂತು ಒತ್ತಡ ಹೇಳುತ್ತದೆ, ಅದೂ ಇದೇ ತತ್ವ. ಅಂದರೆ ದೇಹದೊಳಗೆ ವರ್ಷಗಟ್ಟಲೆ ಕೆಲಸ ಮಾಡಬಲ್ಲದು ಎಂಬುದು ಸಾಬೀತಾಗಿದೆ. ಹಾಗಾದರೆ ಮೂಳೆಗೆ ಯಾಕೆ ಕಷ್ಟ?

ಲೆಕ್ಕ ಹಾಕಿ ನೋಡೋಣ. ನಿಮ್ಮ ಸೆನ್ಸರ್ 10 ಮೆಗಾಹರ್ಟ್ಝ್‌ನದು ಎಂದುಕೊಳ್ಳಿ. 1000 ಮೈಕ್ರೋಸ್ಟ್ರೇನ್ ಬಂದಾಗ ಕೆಪಾಸಿಟರ್ ಸಾವಿರಕ್ಕೆ ಒಂದು ಪಾಲು ಬದಲಾದರೆ ಆವರ್ತನ ಅದರ ಅರ್ಧದಷ್ಟು ಬದಲಾಗುತ್ತದೆ, ಅಂದರೆ 5 ಕಿಲೋಹರ್ಟ್ಝ್. ಮಾಂಸ ಮತ್ತು ಲೋಹದ ನಡುವೆ ಇಂಥ ಸರ್ಕ್ಯೂಟಿನ ಕ್ಯೂ (ತಗ್ಗು ಎಷ್ಟು ಚೂಪಾಗಿದೆ ಎಂಬ ಅಳತೆ) 20ಕ್ಕೆ ಇಳಿದರೆ ಆ ತಗ್ಗಿನ ಅಗಲವೇ 500 ಕಿಲೋಹರ್ಟ್ಝ್. ನೂರು ಪಟ್ಟು ಅಗಲದ ತಗ್ಗಿನ ನಡುಬಿಂದು ಎಲ್ಲಿ ಸರಿಯಿತು ಎಂದು ಹುಡುಕಬೇಕು. ಆಗುವುದಿಲ್ಲ ಎಂದಲ್ಲ, ಆದರೆ ಸುಲಭವಲ್ಲ.

ಅದಕ್ಕಿಂತ ದೊಡ್ಡ ಶತ್ರು ನೀರು. ನೀರಿನ ಡೈಎಲೆಕ್ಟ್ರಿಕ್ ಬೆಲೆ (ಕೆಪಾಸಿಟರನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಂಕಿ) 80ರ ಹತ್ತಿರ, ಪ್ಲಾಸ್ಟಿಕ್‌ನದು 3ರ ಆಸುಪಾಸು. ಲೇಪನದೊಳಗೆ ಒಂಚೂರು ತೇವ ಹೊಕ್ಕು ಕೆಪಾಸಿಟರ್ 1 ಶೇಕಡಾ ಹೆಚ್ಚಿದರೂ 50 ಕಿಲೋಹರ್ಟ್ಝ್ ಸರಿಯುತ್ತದೆ, ನಿಮ್ಮ ಪೂರ್ತಿ ಸಿಗ್ನಲ್‌ನ ಹತ್ತು ಪಟ್ಟು. ಬೆಂಚಿನ ಮೇಲೆ ಇದನ್ನು ನೋಡಬೇಕು. ಸೆನ್ಸರ್ ಅಂಟಿಸಿದ ಪ್ಲೇಟನ್ನು 37 ಡಿಗ್ರಿಯ ಸಲೈನ್‌ನಲ್ಲಿ ಮುಳುಗಿಸಿ, ಯಾವ ಭಾರವನ್ನೂ ಕೊಡದೆ, ನ್ಯಾನೋವಿಎನ್‌ಎ ಎಂಬ ಆವರ್ತನ ಅಳೆಯುವ ಪುಟ್ಟ ಯಂತ್ರದ ಪರದೆಯ ಮೇಲಿನ ತಗ್ಗನ್ನು ಗಮನಿಸುತ್ತಾ ಹೋಗಿ. ಬೆಳಿಗ್ಗೆ ಮಾರ್ಕರ್ ಇಟ್ಟ ಜಾಗ ಮಧ್ಯಾಹ್ನಕ್ಕೆ ಎಡಕ್ಕೆ ಹೋಗಿರುತ್ತದೆ. ರೀಡರ್ ಕಾಯಿಲನ್ನು ಎರಡು ಮಿಲಿಮೀಟರ್ ಓರೆ ಮಾಡಿದರೂ ತಗ್ಗಿನ ಆಳ ಬದಲಾಗುತ್ತದೆ, ಅದರ ಜೊತೆ ಜಾಗವೂ ತುಸು ಸರಿಯುತ್ತದೆ. ಕೈ ಹತ್ತಿರ ತಂದರೆ ಮತ್ತೊಂದು ಸರಿತ. ಇದನ್ನೆಲ್ಲ ಬೆಂಚಿನ ಮೇಲೆಯೇ ನೋಡಿ ಅಳೆದಿಟ್ಟುಕೊಳ್ಳದೆ ಕುರಿಯೊಳಗೆ ಹಾಕಬೇಡಿ. ತೆಳು ಪ್ಯಾರಿಲೀನ್ ಪ್ಲಾಸ್ಟಿಕ್ ಲೇಪನ ಕೆಲವು ವಾರಕ್ಕೆ ಸಾಕಾಗಬಹುದು. ವರ್ಷಗಟ್ಟಲೆ ಬೇಕಾದರೆ ಗಾಜಿನಂಥದ್ದರೊಳಗೆ ಮುಚ್ಚಬೇಕು. ಕಾರ್ಡಿಯೊಮೆಮ್ಸ್‌ನವರು ಫ್ಯೂಸ್ಡ್ ಸಿಲಿಕಾ ಬಳಸಿದ್ದು ಅದಕ್ಕೇ.

ಮೂರನೆಯದು ಲೋಹ. ಕಾಯಿಲ್ ಕೆಳಗೇ ಟೈಟಾನಿಯಂ ಪ್ಲೇಟ್ ಇದ್ದರೆ ಅದರಲ್ಲಿ ಸುಳಿ ಪ್ರವಾಹ ಹುಟ್ಟಿ ಸಿಗ್ನಲ್ ತಿನ್ನುತ್ತದೆ. ನಡುವೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಹಾಳೆ ಇಟ್ಟರೆ ಸ್ವಲ್ಪ ಉಳಿಯುತ್ತದೆ, ಆದರೆ ದಪ್ಪ ಹೆಚ್ಚುತ್ತದೆ, ಎಂಆರ್‌ಐ ಮಾಡಿಸುವಾಗ ಅದೇ ತೊಂದರೆ ಕೊಡುತ್ತದೆ. ಆಳವೂ ಲೆಕ್ಕಕ್ಕೆ ಬರುತ್ತದೆ. ಸೆನ್ಸರ್ ಕಾಯಿಲ್ ಒಂದು ಸೆಂಟಿಮೀಟರ್ ಇದ್ದರೆ ಟಿಬಿಯಾದಲ್ಲಿ ಆರಾಮವಾಗಿ ಓದಬಹುದು. ದಪ್ಪ ತೊಡೆಯೊಳಗಿನ ಫೀಮರ್‌ನಲ್ಲಿ ಕಷ್ಟ.

ಈ ತತ್ವವನ್ನು ಜಾಣತನದಿಂದ ಬಳಸಿದವರು ನ್ಯೂಯಾರ್ಕ್ ರಾಜ್ಯದ ರೆನ್ಸಲೇರ್ ಪಾಲಿಟೆಕ್ನಿಕ್‌ನ ಎರಿಕ್ ಲೆಡೆಟ್ ಮತ್ತು ತಂಡ. ಎರಡು ಚಪ್ಪಟೆ ಸುರುಳಿಗಳು ಎದುರುಬದುರು, ನಡುವೆ ಒತ್ತಿದರೆ ತಗ್ಗುವ ಪದರ. ಬೆಸುಗೆಯಿಲ್ಲ, ತಂತಿಯಿಲ್ಲ, ಮುರಿಯಲು ಏನೂ ಇಲ್ಲ. ಇದು ಹಿಗ್ಗುವುದನ್ನಲ್ಲ, ಒತ್ತುವ ಬಲವನ್ನು ಅಳೆಯುತ್ತದೆ. ಬೆನ್ನುಮೂಳೆಯ ಎರಡು ಕಶೇರುಗಳ ನಡುವೆ ಇಡುವ ಕೇಜ್‌ನಂಥ ಜಾಗಕ್ಕೆ ಹೇಳಿ ಮಾಡಿಸಿದ್ದು. ಕಾಯಿಲ್-ಕೆಪಾಸಿಟರ್ ಬೇಕೇಬೇಕು ಎನ್ನುವವರಿಗೆ ನನ್ನ ಸಲಹೆ ಇದೇ: ಮೇಲ್ಮೈಯ ಸ್ಟ್ರೇನ್ ಬಿಡಿ, ಬಲ ಅಥವಾ ಸಂದಿಯ ಅಂತರ ಅಳೆಯಿರಿ. ಅಲ್ಲಿ ಬದಲಾವಣೆ ಹತ್ತಾರು ಶೇಕಡಾ ಸಿಗುತ್ತದೆ, ಮೇಲೆ ಹೇಳಿದ ಅರ್ಧ ತೊಂದರೆಗಳು ತೀರುತ್ತವೆ.

ಇದರದ್ದೇ ಇನ್ನೊಂದು ಕವಲು ಸೀಳಿದ ಉಂಗುರದ ರೆಸೊನೇಟರ್‌ಗಳು. ಅಂಕಾರಾದ ಬಿಲ್ಕೆಂಟ್ ವಿಶ್ವವಿದ್ಯಾಲಯದಲ್ಲಿ ಹಿಲ್ಮಿ ವೋಲ್ಕನ್ ದೆಮಿರ್ ತಂಡ 2008ರಿಂದ ಒಂದೆರಡು ವರ್ಷ ಮುರಿತದ ಪ್ಲೇಟುಗಳಿಗಾಗಿಯೇ ಇವುಗಳನ್ನು ಮಾಡಿ ತೋರಿಸಿತು. ಭೌತಶಾಸ್ತ್ರವಾಗಿ ತುಂಬಾ ಸೊಗಸು. ಆದರೆ ಆವರ್ತನ ಮೇಲೆ ಹೋದಷ್ಟೂ ಮಾಂಸ ಅದನ್ನು ನುಂಗುತ್ತದೆ. ಸಂಶೋಧನೆಗೆ ಸರಿ, ರೋಗಿಯ ತೊಡೆಗೆ ನಾನು ಶಿಫಾರಸು ಮಾಡುವುದಿಲ್ಲ.

ಕಾಂತೀಯ ಪಟ್ಟಿಗಳು

ಅಂಗಡಿಯ ಸಾಮಾನಿಗೆ ಕಳ್ಳತನ ತಡೆಯಲು ಅಂಟಿಸುವ ಕೆಲವು ಟ್ಯಾಗ್‌ಗಳೊಳಗೆ ತೆಳುವಾದ ಲೋಹದ ಪಟ್ಟಿ ಇರುತ್ತದೆ. ಕಾಂತಕ್ಷೇತ್ರ ಕೊಟ್ಟರೆ ಅದು ಕಂಪಿಸುತ್ತದೆ, ಎಳೆತ ಬಂದರೆ ಅದರ ಕಾಂತೀಯ ಪ್ರತಿಕ್ರಿಯೆ ಬದಲಾಗುತ್ತದೆ. ಕೀಟ್ ಗೀ ಆಂಗ್ ಮಿಷಿಗನ್ ಟೆಕ್‌ನಲ್ಲಿ, ಆಮೇಲೆ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಇಂಥ ವಸ್ತುಗಳನ್ನು ಇಂಪ್ಲಾಂಟ್‌ಗೆ ಬಳಸುವ ಕೆಲಸ ಮಾಡಿದವರು. ಪಟ್ಟಿ ಅಗ್ಗ, ತಂತಿ ಬೇಡ, ಕತ್ತರಿಯಿಂದ ಬೇಕಾದ ಆಕಾರಕ್ಕೆ ಕತ್ತರಿಸಬಹುದು. ತೇವಕ್ಕೆ ಕಾಯಿಲ್-ಕೆಪಾಸಿಟರ್‌ನಷ್ಟು ಹೆದರುವುದಿಲ್ಲ.

ಆದರೆ ರೋಗಿ ಯಾವ ದಿಕ್ಕಿಗೆ ಕೂತಿದ್ದಾನೆ ಎನ್ನುವುದೂ ಭೂಮಿಯ ಕಾಂತಕ್ಷೇತ್ರದಿಂದಾಗಿ ಅಳತೆಯಲ್ಲಿ ಸೇರಿಕೊಳ್ಳಬಹುದು. ಪಕ್ಕದ ಕಬ್ಬಿಣದ ಮಂಚವೂ ಅಷ್ಟೇ. ಈ ಮಿಶ್ರಲೋಹದಲ್ಲಿ ಕಬ್ಬಿಣ, ನಿಕ್ಕಲ್ ಇರುವುದರಿಂದ ದೇಹಕ್ಕೆ ತಾಗದಂತೆ ಚೆನ್ನಾಗಿ ಮುಚ್ಚಬೇಕು. ಎಂಆರ್‌ಐ ವಿಷಯದಲ್ಲಂತೂ ದೊಡ್ಡ ಪ್ರಶ್ನೆ. ಬೆನ್ನುಮೂಳೆಯ ರೋಗಿಗೆ ಮುಂದೆ ಎಂಆರ್‌ಐ ಬೇಕಾಗುವ ಸಾಧ್ಯತೆ ಜಾಸ್ತಿ, ಅಲ್ಲಿ ಇದನ್ನು ಹಾಕಲೇಬಾರದು ಎಂಬುದು ನನ್ನ ನಿಲುವು.

ಚಿಪ್ ಇರುವ, ಹೊರಗಿನಿಂದ ಶಕ್ತಿ ಪಡೆಯುವ ಸೆನ್ಸರ್

ಸ್ಟ್ರೇನ್‌ನ ಪಕ್ಕಾ ಬೆಲೆ, ಅದೂ ನಡೆಯುವಾಗಲೇ ಬೇಕು ಎಂದರೆ ದಾರಿ ಇದೊಂದೇ. ಮಾಮೂಲಿ ಸ್ಟ್ರೇನ್ ಗೇಜ್, ಅದರ ಪಕ್ಕ ಒಂದು ಚಿಪ್, ಹೊರಗಿನ ಕಾಯಿಲ್‌ನಿಂದ ಬರುವ ಶಕ್ತಿ. 350 ಓಮ್‌ನ ಗೇಜ್ 1000 ಮೈಕ್ರೋಸ್ಟ್ರೇನ್‌ಗೆ 0.7 ಓಮ್ ಬದಲಾಗುತ್ತದೆ. ಇದನ್ನು ಅಳೆಯುವುದು ಹೇಗೆಂದು ಎಂಜಿನಿಯರುಗಳಿಗೆ ದಶಕಗಳಿಂದ ಗೊತ್ತು. ಅಳತೆ ಒಳಗೇ ಆಗಿ ಅಂಕಿಯಾಗಿ ಹೊರಬರುವುದರಿಂದ ಕಾಯಿಲ್ ಓರೆಯಾದರೂ, ದೂರವಾದರೂ ಬೆಲೆ ಕೆಡುವುದಿಲ್ಲ. ಸಿಗ್ನಲ್ ಸಿಕ್ಕರೆ ಸರಿಯಾದದ್ದೇ ಸಿಗುತ್ತದೆ, ಇಲ್ಲದಿದ್ದರೆ ಸಿಗುವುದೇ ಇಲ್ಲ. ಈ ಒಂದು ಗುಣಕ್ಕಾಗಿಯೇ ಸಂಶೋಧನೆಗೆ ನಾನು ಇದನ್ನು ಮೊದಲು ಇಡುತ್ತೇನೆ.

ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಗಿಯೋರ್ಗ್ ಬರ್ಗ್‌ಮನ್ ಮತ್ತು ಜೊತೆಗಾರರು ಸೊಂಟದ ಕೃತಕ ಕೀಲಿನ ಟೊಳ್ಳು ಕತ್ತಿನೊಳಗೆ ಗೇಜುಗಳನ್ನಿಟ್ಟು ವೆಲ್ಡ್ ಮಾಡಿ ಮುಚ್ಚಿ ರೋಗಿಗಳಿಗೆ ಹಾಕಿದರು. ಅದಕ್ಕೂ ಹಿಂದೆ, 1966ರಲ್ಲಿ, ಸ್ವೀಡನ್ನಿನ ರೈಡೆಲ್ ಇದೇ ಅಳತೆಯನ್ನು ತಂತಿ ಹೊರಗೆ ತಂದು ಮಾಡಿದ್ದರು. ಬರ್ಲಿನ್‌ನವರ ಅಳತೆಯಲ್ಲಿ ಸುಮ್ನೆ ನಡೆಯುವಾಗ ಸೊಂಟದ ಕೀಲಿನ ಮೇಲೆ ದೇಹದ ತೂಕದ ಸುಮಾರು 2.4 ಪಟ್ಟು, ಎಡವಿದಾಗ 8 ಪಟ್ಟಿಗಿಂತ ಜಾಸ್ತಿ ಬಲ ಬಂತು. ಈ ಮಾಹಿತಿ ಆರ್ಥೊಲೋಡ್ ಹೆಸರಿನಲ್ಲಿ ಎಲ್ಲರಿಗೂ ತೆರೆದಿದೆ. ಯಾವ ಪ್ರಾಜೆಕ್ಟ್ ಶುರು ಮಾಡುವ ಮೊದಲೂ ಒಮ್ಮೆ ಅಲ್ಲಿ ಹೋಗಿ ನೋಡಿ.

ಬರ್ಲಿನ್‌ನವರು ಶಕ್ತಿ ಕೊಡಲು ಕೆಲವೇ ಕಿಲೋಹರ್ಟ್ಝ್ ಬಳಸಿದ್ದರಲ್ಲಿ ಒಂದು ಪಾಠ ಇದೆ. ಟೈಟಾನಿಯಂ ಮಿಶ್ರಲೋಹದೊಳಗೆ 4 ಕಿಲೋಹರ್ಟ್ಝ್ ಕ್ಷೇತ್ರ 10 ಮಿಲಿಮೀಟರ್‌ನಷ್ಟು ಇಳಿಯಬಲ್ಲದು. ಫೋನ್ ತಾಗಿಸಿ ಹಣ ಕೊಡಲು ಬಳಸುವ ಎನ್‌ಎಫ್‌ಸಿಯ 13.56 ಮೆಗಾಹರ್ಟ್ಝ್ 0.2 ಮಿಲಿಮೀಟರ್ ಕೂಡ ದಾಟುವುದಿಲ್ಲ. ಹಾಗಾಗಿ ಲೋಹದ ಡಬ್ಬಿಯೊಳಗೆ ಚಿಪ್ ಇಡುವವರು ಕೆಳಗಿನ ಆವರ್ತನಕ್ಕೆ ಹೋಗಬೇಕು, ಎನ್‌ಎಫ್‌ಸಿ ಬೇಕೆನ್ನುವವರು ಆಂಟೆನಾವನ್ನು ಲೋಹದ ಹೊರಗೆ ತರಬೇಕು.

ಎನ್‌ಎಫ್‌ಸಿ ದಾರಿಗೆ ಒಳ್ಳೆಯ ಉದಾಹರಣೆ ಅರಿಜೋನಾ ವಿಶ್ವವಿದ್ಯಾಲಯದ ಫಿಲಿಪ್ ಗುಟ್ರುಫ್ ತಂಡದ್ದು, 2021ರದು. ಕಾಗದದಷ್ಟು ತೆಳುವಾದ ಸರ್ಕ್ಯೂಟನ್ನು ನೇರವಾಗಿ ಮೂಳೆಯ ಮೇಲೆ ಅಂಟಿಸುತ್ತಾರೆ. ಇಲ್ಲಿ ಅಂಟೇ ಮುಖ್ಯ. ಸೂಪರ್ ಗ್ಲೂ ಜಾತಿಯ ಅಂಟು ಕೆಲವು ವಾರ ಹಿಡಿದೀತು. ಆದರೆ ಮೂಳೆ ಸತ್ತ ವಸ್ತುವಲ್ಲ, ತನ್ನ ಮೇಲ್ಮೈಯನ್ನು ತಾನೇ ಹೊಸದು ಮಾಡಿಕೊಳ್ಳುತ್ತಿರುತ್ತದೆ, ಅಂಟಿನ ಕೆಳಗಿನ ಪದರವೇ ಹೊರಟುಹೋಗುತ್ತದೆ. ಅದಕ್ಕೇ ಅವರು ಅಂಟಿನಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಸೆರಾಮಿಕ್ ಕಣಗಳನ್ನು ಬಳಸಿದರು. ಮೂಳೆ ಅದನ್ನು ತನ್ನದೆಂದು ಹಿಡಿದುಕೊಂಡು ಬೆಳೆಯುತ್ತದೆ.

ತನ್ನ ಶಕ್ತಿ ತಾನೇ ಹುಟ್ಟಿಸಿಕೊಳ್ಳುವವು

ಪೀಜೋ ತುಣುಕು ಬಾಗಿದರೆ ವಿದ್ಯುತ್ ಹುಟ್ಟುತ್ತದೆ. ಶಂತನು ಚಕ್ರವರ್ತಿ, ಮೊದಲು ಮಿಷಿಗನ್ ಸ್ಟೇಟ್‌ನಲ್ಲಿ, ಈಗ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇರುವವರು, ಆ ಅತಿ ಸಣ್ಣ ವಿದ್ಯುತ್ತನ್ನೇ ಬಳಸಿ ಫ್ಲೋಟಿಂಗ್ ಗೇಟ್ ಟ್ರಾನ್ಸಿಸ್ಟರ್‌ನಲ್ಲಿ (ಶಕ್ತಿ ಇಲ್ಲದಾಗಲೂ ಎಲೆಕ್ಟ್ರಾನ್ ಹಿಡಿದಿಟ್ಟುಕೊಳ್ಳುವ ಬಗೆ) ದಾಖಲೆ ಬರೆಯುವ ಚಿಪ್ ಮಾಡಿದರು. ಸ್ಟ್ರೇನ್ ಒಂದು ಮಿತಿ ದಾಟಿದಾಗಲೆಲ್ಲ ಗೇಟಿನಲ್ಲಿ ಒಂದಿಷ್ಟು ಎಲೆಕ್ಟ್ರಾನ್ ಸೇರುತ್ತದೆ. ತಿಂಗಳ ನಂತರ ಬಂದಾಗ ರೀಡರ್ ಹಿಡಿದು, ಒಟ್ಟು ಎಷ್ಟು ಸೇರಿದೆ ಎಂದು ಓದುವುದು. ರೋಗಿ ಮನೆಯಲ್ಲಿ ಹೇಗಿದ್ದ ಎನ್ನುವುದನ್ನು ಬ್ಯಾಟರಿ ಇಲ್ಲದೆ ಹೇಳುವುದು ಇಲ್ಲಿರುವ ಆಯ್ಕೆಗಳಲ್ಲಿ ಇದೊಂದೇ.

ಆದರೆ ಒಂದು ತೊಡಕಿದೆ. ಒಟ್ಟು ಸ್ಟ್ರೇನ್ ಇಳಿದಿದ್ದು ಮೂಳೆ ಕೂಡಿದ್ದಕ್ಕೋ, ಅಥವಾ ರೋಗಿ ಹೆದರಿ ಹಾಸಿಗೆ ಬಿಟ್ಟು ಏಳದ್ದಕ್ಕೋ? ಚಿಪ್ ಹೇಳುವುದಿಲ್ಲ. ಜೊತೆಗೆ ಹೆಜ್ಜೆ ಎಣಿಸುವ ಯಾವುದಾದರೂ ಸಾಧನ ಬೇಕು. ಪೀಜೋಗೆ ಪಿಜೆಡ್‌ಟಿ ಎಂಬ ಸೆರಾಮಿಕ್ ಬಳಸಿದರೆ ಅದರಲ್ಲಿ ಸೀಸ ಇದೆ. ಪಿವಿಡಿಎಫ್ ಪಾಲಿಮರ್ ಸುರಕ್ಷಿತ, ಆದರೆ ಹುಟ್ಟಿಸುವ ವಿದ್ಯುತ್ ಕಡಿಮೆ.

ಕೊನೆಯದಾಗಿ, ಸೆನ್ಸರ್ ಅನ್ನಿಸಿಕೊಳ್ಳದ ಒಂದು ಸೆನ್ಸರ್. 1974ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಯೋರಾನ್ ಸೆಲ್ವಿಕ್ ರೂಪಿಸಿದ ಆರ್‌ಎಸ್‌ಎ ವಿಧಾನ. ಮೂಳೆಯೊಳಗೆ ಮಿಲಿಮೀಟರ್ ಗಾತ್ರದ ಟಾಂಟಲಮ್ ಮಣಿಗಳನ್ನು ಇಟ್ಟು, ಎರಡು ಕೋನದಿಂದ ಎಕ್ಸ್-ರೇ ತೆಗೆದು, ಮಣಿಗಳ ನಡುವಿನ ದೂರ ಲೆಕ್ಕ ಹಾಕುವುದು. ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ಅಲುಗಾಟವೂ ಗೊತ್ತಾಗುತ್ತದೆ. ಮಂಡಿಯ ಕೃತಕ ಕೀಲು ಎರಡನೇ ವರ್ಷದಲ್ಲಿ 0.2 ಮಿಲಿಮೀಟರ್‌ಗಿಂತ ಜಾಸ್ತಿ ಸರಿದರೆ ಮುಂದೆ ಸಡಿಲವಾಗುವ ಅಪಾಯ ಎಂದು ಕಂಡುಕೊಂಡಿದ್ದು ಈ ವಿಧಾನದಿಂದ. ಇಂಪ್ಲಾಂಟ್ ಸಡಿಲವಾಗುತ್ತಿದೆಯಾ ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಸ್ಟ್ರೇನ್ ಸೆನ್ಸರ್ ಬೇಕಾಗಿಯೇ ಇಲ್ಲ, ಮಣಿ ಸಾಕು.

ಹಾಗಾದರೆ ಯಾವುದು?

ಟಿಬಿಯಾ ಅಥವಾ ಫೀಮರ್ ಮುರಿತಕ್ಕೆ ಪ್ಲೇಟ್ ಹಾಕಿದ್ದಾರೆ, ಕೂಡಿದೆಯಾ ಎಂದು ಗೊತ್ತಾಗಬೇಕು, ರೋಗಿ ತಿಂಗಳಿಗೊಮ್ಮೆ ಬರುತ್ತಾರೆ: ಎಕ್ಸ್-ರೇಯಲ್ಲಿ ಓದುವ ಸೂಚಿ. ಎರಡು ಮಾತಿಲ್ಲ. ತೊಡೆ ಎಷ್ಟೇ ದಪ್ಪವಿದ್ದರೂ ಎಕ್ಸ್-ರೇ ಹೋಗುತ್ತದೆ. ಬೆನ್ನಿನ ಕೇಜ್ ಮೇಲಿನ ಬಲಕ್ಕೆ ಲೆಡೆಟ್ ಮಾದರಿಯ ಎದುರುಬದುರು ಸುರುಳಿ. ಕೇಜ್ ಲೋಹದ್ದಾಗಿರದೆ ಪೀಕ್ ಪ್ಲಾಸ್ಟಿಕ್‌ನದಾಗಿದ್ದರೆ ಇನ್ನೂ ಒಳ್ಳೆಯದು. ಸೊಂಟ, ಮಂಡಿಯ ಕೀಲಿನಲ್ಲಿ ನಡಿಗೆಯ ಬಲ ಬೇಕಾದರೆ ಬರ್ಲಿನ್ ದಾರಿ, ಅದಕ್ಕೆ ದುಡ್ಡೂ ವರ್ಷಗಳೂ ಬೇಕು. ಪ್ರಾಣಿಗಳಲ್ಲಿ ಮೂಳೆಯ ಮೇಲ್ಮೈ ಸ್ಟ್ರೇನ್ ಕಲಿಯಲು ಎನ್‌ಎಫ್‌ಸಿ ಚಿಪ್. ವ್ಯಾಯಾಮ ಜಾಸ್ತಿಯಾಯಿತಾ ಕಡಿಮೆಯಾಯಿತಾ ಎಂದು ತಿಳಿಯಲು ಪೀಜೋ. ಎಂ.ಟೆಕ್‌ನ ಒಂದೇ ವರ್ಷದಲ್ಲಿ ಮುಗಿಸಬೇಕು ಎನ್ನುವವರು ಕಾಯಿಲ್-ಕೆಪಾಸಿಟರನ್ನೇ ತೆಗೆದುಕೊಳ್ಳಿ, ಆದರೆ ಶೀರ್ಷಿಕೆಯಲ್ಲಿ ಇಂಪ್ಲಾಂಟ್ ಎಂದು ಬರೆಯುವ ಮೊದಲು ಸಲೈನ್‌ನಲ್ಲಿ ಒಂದು ತಿಂಗಳು ಮುಳುಗಿಸಿದ ಗ್ರಾಫ್ ತೋರಿಸಿ.

ಯಾವುದನ್ನೇ ಆರಿಸಿದರೂ ಬಿಡಬಾರದ ಕೆಲವು ಕೆಲಸಗಳಿವೆ. ಸೆನ್ಸರ್ ಮುರಿತದ ನೇರಕ್ಕೆ ಇರುವ ಪ್ಲೇಟಿನ ಭಾಗದಲ್ಲಿರಲಿ. ತುದಿಯ ಸ್ಕ್ರೂ ಹತ್ತಿರ ಇಟ್ಟರೆ ಮೂಳೆ ಕೂಡಿದರೂ ಕೂಡದಿದ್ದರೂ ಅಳತೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಪ್ಲೇಟಿಗೆ ಸೆನ್ಸರ್‌ಗಾಗಿ ಗುಂಡಿ ಕೊರೆದರೆ ಅಲ್ಲೇ ಬಿರುಕು ಶುರುವಾಗಬಹುದು, ಕೊರೆದ ಪ್ಲೇಟಿನ ದಣಿವಿನ ಪರೀಕ್ಷೆ ಮತ್ತೆ ಮಾಡಲೇಬೇಕು. ಕ್ಯಾಲಿಬ್ರೇಷನ್ 37 ಡಿಗ್ರಿಯಲ್ಲಿ ಮಾಡಿ. ಟೈಟಾನಿಯಂ ಒಂದು ಡಿಗ್ರಿಗೆ 8.6 ಮೈಕ್ರೋಸ್ಟ್ರೇನ್ ಹಿಗ್ಗುತ್ತದೆ, 25 ಡಿಗ್ರಿಯ ಲ್ಯಾಬ್‌ನಿಂದ ದೇಹದೊಳಗೆ ಹೋಗುವಷ್ಟರಲ್ಲಿ ಯಾವ ಭಾರವೂ ಇಲ್ಲದೆ 100 ಮೈಕ್ರೋಸ್ಟ್ರೇನ್ ಬಂದುಬಿಟ್ಟಿರುತ್ತದೆ. ರೋಗಿ ಕೊಡುವ ಭಾರವನ್ನು ಪ್ರತಿ ಸಲವೂ ತೂಕದ ಯಂತ್ರದಲ್ಲಿ ಅಳೆದು ಪಕ್ಕದಲ್ಲೇ ಬರೆಯಿರಿ. ಭಾರ ಗೊತ್ತಿಲ್ಲದ ಸ್ಟ್ರೇನ್‌ಗೆ ಅರ್ಥವಿಲ್ಲ.

ನಮ್ಮಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಲು 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಅನುಮತಿ ಬೇಕು, ಆಸ್ಪತ್ರೆಯ ನೈತಿಕ ಸಮಿತಿಯದೂ ಬೇಕು. ಕುರಿ, ಮೇಕೆಗಳ ಮೇಲೆ ಮಾಡುವುದಕ್ಕೂ ಪ್ರಾಣಿ ಪ್ರಯೋಗಗಳ ಸಮಿತಿಯ ಒಪ್ಪಿಗೆ ಬೇಕು. ಅರ್ಜಿ ಹಾಕುವಾಗಲೇ ಸ್ಟೆರಿಲೈಸ್ ಹೇಗೆ ಮಾಡುತ್ತೀರಿ ಎಂದು ಬರೆಯಬೇಕಾಗುತ್ತದೆ. 121 ಅಥವಾ 134 ಡಿಗ್ರಿಯ ಆಟೋಕ್ಲೇವ್‌ನಲ್ಲಿ ಕಡ್ಡಿಯ ಸೂಚಿ, ಟಾಂಟಲಮ್ ಮಣಿ ಯಾವ ತೊಂದರೆಯೂ ಇಲ್ಲದೆ ಹೊರಬರುತ್ತವೆ. ಪಾಲಿಮರ್ ಲೇಪನದ ಕಾಯಿಲ್, ಪಿವಿಡಿಎಫ್, ಅಂಟಿಸಿದ ಗೇಜ್ ಎಲ್ಲವಕ್ಕೂ ಎಥಿಲೀನ್ ಆಕ್ಸೈಡ್ ಅನಿಲ ಬೇಕಾಗಬಹುದು. ನಿಮ್ಮ ಆಸ್ಪತ್ರೆಯಲ್ಲಿ ಆ ಸೌಲಭ್ಯ ಇದೆಯಾ ಎಂದು ಡಿಸೈನ್ ಶುರು ಮಾಡುವ ವಾರದಲ್ಲೇ ಆಪರೇಷನ್ ಥಿಯೇಟರ್‌ನ ಸಿಸ್ಟರ್ ಹತ್ತಿರ ಕೇಳಿಬಿಡಿ.